ಕತೆಯ ನಡುವೆ ನಲವತ್ತೇಳು

ಸೋಮವಾರ ಬೆಳಗ್ಗೆ 10.20ಕ್ಕೆ ರೇಡಿಯೋ ಕಂಪನಿಯ ಮ್ಯಾನೇಜರ್ ಠಾಣೆಗೆ ಬಂದು ದೂರು ಕೊಟ್ಟರು. ಇಂಟರ್ನೆಟ್ಟಿನಲ್ಲಿ ಚಂದಾದಾರರಿಗೆ ಒಂದೇ ಸಲ ಕೇಳಿಸುವ ಕತೆಗಳನ್ನು ಯಾರೋ ಉಳಿಸಿಕೊಂಡು ಊರಿಗೆಲ್ಲ ಹಂಚುತ್ತಿದ್ದರು. ಅನುಮಾನವೆಲ್ಲ ಕತೆ ಹೇಳುವ ಅಜ್ಜನ ಮೇಲೆ. ಕಂಪನಿ ಬಿಟ್ಟರೆ ಮೂಲ ಪ್ರತಿ ಇದ್ದದ್ದು ಅವರೊಬ್ಬರ ಬಳಿ. ಕಂಪನಿ ಅವರ ಕತೆಗಳನ್ನೇ ನಿಲ್ಲಿಸಿಬಿಟ್ಟಿತ್ತು.

ಎಫ್‌ಐಆರ್ ಆಯಿತು. ಅಜ್ಜ ಬಂದು ಇನ್‌ಸ್ಪೆಕ್ಟರ್ ಎದುರು ಕೂತರು.

“ನೀವೇ ಕೊಟ್ರಾ?”

“ಇಲ್ಲಪ್ಪ. ದೇವರ ಹೆಸರೆತ್ತಿ ಕತೆ ಶುರು ಮಾಡೋ ಬಾಯಿ ಇದು. ಕಳ್ಳ ಅನ್ನಿಸ್ಕೊಂಡ ಮೇಲೆ ಆ ಹೆಸರು ಹೇಗೆ ಎತ್ಲಿ?”

ಮಾತು ಇನ್‌ಸ್ಪೆಕ್ಟರ್ ಎದೆಗೆ ನಾಟಿತು. ಆದರೆ ಎದೆಗೆ ನಾಟಿದ್ದೆಲ್ಲ ಸಾಕ್ಷಿಯಾಗುವುದಿಲ್ಲ.

ಕಂಪ್ಯೂಟರ್ ಬಲ್ಲ ಪೇದೆಯನ್ನು ಠಾಣೆಯಲ್ಲಿ ‘ಮೌಸ್’ ಎನ್ನುತ್ತಿದ್ದರು. ಅವನೆಂದ: “ಡೌನ್‌ಲೋಡಿಗೆ ಬೀಗ ಇದೆ ಸಾರ್. ಧ್ವನಿ ಚೂರುಚೂರಾಗಿ ಬಂದು, ಕೇಳಿಸಿ, ಹೋಗ್ಬಿಡುತ್ತೆ. ಆದ್ರೆ ಸ್ಪೀಕರಿಗೆ ಹೋಗೋ ದಾರೀಲಿ ಅದನ್ನ ಹಿಡಿಯೋ ಸಾಫ್ಟ್‌ವೇರ್ ಇದೆ. ಕೆಚ್ಚಲಿನ ಕೆಳಗೆ ಚೊಂಬು ಹಿಡಿದ ಹಾಗೆ.”

“ಚೊಂಬಿಗೆ ಬರೀ ಹಾಲೇ ಬೀಳುತ್ತೇನೋ?”

“ಇಲ್ಲ ಸಾರ್, ಆ ಕಂಪ್ಯೂಟರಿನ ಬೇರೆ ಸದ್ದೂ ಬೀಳುತ್ತೆ.”

“ಹಾಗಾದ್ರೆ ಕೂತು ಕೇಳೋಣ.”

ಊರಲ್ಲಿ ಹರಿದಾಡುತ್ತಿದ್ದ ಪ್ರತಿಗಳನ್ನು ಮೂರು ಗಂಟೆ ಹೊತ್ತು ಕೇಳಿದರು. ಗುರುವಾರದ ಕತೆಯ ಹದಿಮೂರನೇ ನಿಮಿಷದಲ್ಲಿ ಯಂತ್ರದ ಹೆಣ್ಣುದನಿ: “ಟೋಕನ್ ನಲವತ್ತೇಳು, ಎಕ್ಸ್‌ರೇ.” ಅಜ್ಜನ ಮೂಲ ಪ್ರತಿಯಲ್ಲಿ ಅದು ಇರಲಿಲ್ಲ. ಪ್ರಸಾರ ಶುರುವಾದದ್ದು ಬೆಳಗ್ಗೆ 11ಕ್ಕೆ, ಹಾಗಾದರೆ 11.13ಕ್ಕೆ ಆ ಟೋಕನ್ ಕರೆದವರು ಯಾರು?

ಮಂಗಳವಾರ ಹುಡುಕಾಟ. ಮೂರನೇ ಸ್ಕ್ಯಾನಿಂಗ್ ಕೇಂದ್ರದ ಟೋಕನ್ ದಾಖಲೆ ತಾಳೆಯಾಯಿತು. ಪಂಚರ ಎದುರು ಕೌಂಟರಿನ ಕಂಪ್ಯೂಟರ್ ತೆರೆದಾಗ ಹದಿನಾರು ಕತೆಗಳು ಸಿಕ್ಕವು. ಪಂಚನಾಮೆ ಬರೆದರು. ಕೌಂಟರಿನ ಹೆಂಗಸು ತಲೆ ತಗ್ಗಿಸಿದಳು.

“ಯಾಕಮ್ಮ?”

“ಕಾಯೋರಿಗೆ ಕತೆ ಹಾಕ್ತಿದ್ದೆ ಸಾರ್. ಅರ್ಧಕ್ಕೇ ಎಬ್ಬಿಸಿ ಒಳಗೆ ಕಳಿಸೋಳೂ ನಾನೇ. ಒಬ್ಬ ವಯಸ್ಸಾದ ತಾಯಿ, ‘ಆ ಹುಡುಗ ಮನೆ ಸೇರಿದ್ನಾ? ನಾಳೆ ಹೇಳು ಮಗಳೇ’ ಅಂದ್ರು. ಅವರಿಗೇಂತ ಉಳಿಸೋಕೆ ಶುರು ಮಾಡಿದೆ. ಆಮೇಲೆ ಎಲ್ರೂ ಕೇಳಿದ್ರು, ಅವರವರ ಫೋನಿಗೆ ಕಳಿಸಿಬಿಟ್ಟೆ.”

“ಕತೆ ಹೇಳೋ ಅಜ್ಜನ್ನ ಕಳ್ಳ ಅಂದ್ರು. ಗೊತ್ತಾ?”

ಆಕೆ ಕೌಂಟರಿನ ಅಂಚು ಹಿಡಿದುಕೊಂಡಳು. “ಅಯ್ಯೋ! ನನ್ ಹೆಸರು ಬರ್ಕೊಳ್ಳಿ ಸಾರ್. ಈಗ್ಲೇ.”

ಸಂಜೆ 4.40ಕ್ಕೆ ಬಂಧನ. ವಿಷಯವೆಲ್ಲ ತಿಳಿದು ಬಂದಿದ್ದ ಅಜ್ಜ ಠಾಣೆಯ ಜಗಲಿಯಲ್ಲಿ ಆಕೆಯನ್ನು ಬೈಯಲಿಲ್ಲ.

“ಆ ತಾಯಿಗೆ ಪೂರ್ತಿ ಕೇಳಿಸಿದ್ಯೇನಮ್ಮ?”

“ಇಲ್ಲ ಅಜ್ಜ. ಮಾರನೇ ದಿನ ಅವರು ಬರಲಿಲ್ಲ. ಇನ್ನೂ ಬಂದಿಲ್ಲ.”

ಅಜ್ಜ ಕಣ್ಣುಮುಚ್ಚಿ ಕೈ ಮುಗಿದರು. ಒಳಗೆ ಇನ್‌ಸ್ಪೆಕ್ಟರ್ ಡೈರಿಯಲ್ಲಿ ಅಜ್ಜನ ಮೇಲಿನ ಅನುಮಾನ ನಿರಾಧಾರವೆಂದು ಬರೆದರು. ಆರೋಪಿಯ ಉದ್ದೇಶದ ಮುಂದೆ ಪೆನ್ನು ತುಸು ಹೊತ್ತು ನಿಂತಿತು. ಕೊನೆಗೆ ಬರೆದರು: ‘ಅರ್ಧ ಕೇಳಿ ಎದ್ದುಹೋದವರಿಗೆ ಉಳಿದದ್ದನ್ನು ತಲುಪಿಸುವುದು.’