ಮುರ್ಶಿದಾಳ ರಾತ್ರಿ ಬಟನ್

ಮುರ್ಶಿದಾ ಲ್ಯಾಪ್‌ಟಾಪಿನಲ್ಲಿ ‘ರಾತ್ರಿ’ ಬಟನ್ ಒತ್ತಿದಳು. ಸ್ಟೇಜಿನ ಮೇಲೆ ರಾತ್ರಿ ಆಗಲಿಲ್ಲ.

ನೀಲಿ ಬೆಳಕು ಬಂದದ್ದು ನಿಜ. ಆದರೆ ಬೆಳಗ್ಗಿನ ಹಳದಿ ಬೆಳಕು ಹೋಗಲೇ ಇಲ್ಲ. ಎರಡೂ ಸೇರಿ ಸ್ಟೇಜು ಮದುವೆ ಹಾಲಿನ ಹಾಗೆ ಝಗಝಗ ಅಂದಿತು. ಅದರ ನಡುವೆ ರಟ್ಟಿನ ದೋಣಿಯಲ್ಲಿ ಕೂತಿದ್ದ ಅಮಲ್ ತನ್ನ ಮಾತು ಹೇಳಿದ.

“ಅಮ್ಮಾ, ಎಷ್ಟು ಕತ್ತಲೆ. ನಮ್ಮ ಮನೆ ಕಾಣುವುದೇ ಇಲ್ಲ.”

ರಿಹರ್ಸಲ್ ನೋಡಲು ಎದುರು ಕೂತಿದ್ದ ಮಕ್ಕಳು ಗೊಳ್ಳೆಂದು ನಕ್ಕರು. ಅಮಲ್ ದೋಣಿಯಿಂದ ಎದ್ದ. ಯಾರನ್ನೂ ನೋಡದೆ ಹೊರಗೆ ಹೋದ.

ಮುರ್ಶಿದಾ ಬೆಪ್ಪಾಗಿ ಸ್ಕ್ರೀನ್ ನೋಡಿದಳು.

ಬೆಳುವಾಯಿಯ ಅವರ ಶಾಲೆಯಲ್ಲಿ ನಾಳೆ ಸಂಜೆ ವಾರ್ಷಿಕೋತ್ಸವ. ಆರನೇ ಕ್ಲಾಸಿನವರದ್ದು ಮಳೆಗಾಲದ ನೆರೆ ನೀರಿನ ನಾಟಕ. ಮೂಡಬಿದ್ರೆಯ ಲೈಟಿನ ದಯಾನಂದಣ್ಣ ಲೈಟುಗಳನ್ನು ಕಟ್ಟಿ, ಲ್ಯಾಪ್‌ಟಾಪ್ ಇಟ್ಟು, ಮುರ್ಶಿದಾಳಿಗೆ ಒಂದು ಗಂಟೆ ಹೇಳಿಕೊಟ್ಟಿದ್ದರು. ಸ್ಕ್ರೀನಿನ ಮೇಲೆ ಒಂದು ಚೌಕ ಮಾಡಬೇಕು. ಅದಕ್ಕೆ ಹೆಸರು ಕೊಡಬೇಕು. ಅದನ್ನು ಒತ್ತಿದರೆ ಯಾವ ಲೈಟು ಹತ್ತಬೇಕು ಅಂತ ಹೇಳಬೇಕು. ಅಷ್ಟೇ, ಬಟನ್ ರೆಡಿ. “ನಂಗೆ ಬಂಟ್ವಾಳದಲ್ಲಿ ಇನ್ನೊಂದು ಪ್ರೋಗ್ರಾಂ ಉಂಟು. ನಿಮ್ಮ ನಾಟಕದ ಬಟನ್ ನೀನೇ ಮಾಡಿಡು,” ಎಂದು ಹೇಳಿ ಹೋಗಿದ್ದರು.

ಮುರ್ಶಿದಾ ‘ರಾತ್ರಿ’ ಬಟನನ್ನು ತೆರೆದು ನೋಡಿದಳು. ಒಳಗೆ ನೀಲಿ ಮಾತ್ರ ಇತ್ತು. ಹಳದಿ ಎಲ್ಲಿಂದ ಬಂತು? ಅದನ್ನು ಅಳಿಸಿ ಹೊಸದು ಮಾಡಿದಳು. ಆಗಲೂ ಹಳದಿ. ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದಳು. ಈಗ ‘ರಾತ್ರಿ’ ಒತ್ತಿದರೆ ಚಂದದ ನೀಲಿ ರಾತ್ರಿ. ಖುಷಿಯಿಂದ ‘ಬೆಳಗ್ಗೆ’ ಒತ್ತಿ, ಮತ್ತೆ ‘ರಾತ್ರಿ’ ಒತ್ತಿದಳು. ಪುನಃ ಮದುವೆ ಹಾಲು.

ಒಮ್ಮೆ ಸರಿ, ಒಮ್ಮೆ ತಪ್ಪು. ಅವಳಿಗೆ ತಲೆಬುಡ ಅರ್ಥವಾಗಲಿಲ್ಲ.

ಅಮಲ್ ಹೊರಗೆ ನೀರಿನ ನಳ್ಳಿಯ ಹತ್ತಿರ ಒಬ್ಬನೇ ನಿಂತಿದ್ದ.

“ಸರಿ ಮಾಡ್ತೇನೆ ಮಾರಾಯ, ನೀನು ಬಾ,” ಎಂದಳು ಮುರ್ಶಿದಾ.

“ನಾನು ಮಾಡುವುದಿಲ್ಲ. ಬೆಳಕಿದ್ರೆ ನಂಗೆ ಆಗುವುದಿಲ್ಲ.”

“ಯಾಕೆ? ಅದು ಬರೀ ನಾಟಕ ಅಲ್ವಾ?”

ಅಮಲ್ ನಳ್ಳಿ ತಿರುಗಿಸಿದ, ಮತ್ತೆ ನಿಲ್ಲಿಸಿದ.

“ನಾವು ಬಂಟ್ವಾಳದಲ್ಲಿ ಇರುವಾಗ ನಮ್ಮ ಮನೆಗೆ ನೀರು ಬಂದಿತ್ತು. ರಾತ್ರಿ ದೋಣಿಯಲ್ಲಿ ಕರ್ಕೊಂಡು ಹೋದ್ರು. ಆ ಡೈಲಾಗ್ ಹೇಳುವಾಗ ನಂಗೆ ನಿಜವಾಗಿ ಅಳು ಬರ್ತದೆ. ಕತ್ತಲೆ ಇರ್ತದೆ ಅಂತಲೇ ನಾನು ಆ ಪಾರ್ಟ್ ತಕೊಂಡದ್ದು.”

ನಾಟಕದಲ್ಲಿ ಅವನು ಚೆನ್ನಾಗಿ ಅಳುತ್ತಾನೆ ಅಂತ ಮುರ್ಶಿದಾಳೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು.

ಅವಳು ಸೀದಾ ನಾಟಕ ಕಲಿಸುತ್ತಿದ್ದ ಚಿತ್ರಾ ಟೀಚರ ಹತ್ತಿರ ಹೋಗಿ ಫೋನ್ ಕೇಳಿದಳು.

“ದಯಾನಂದಣ್ಣ, ‘ರಾತ್ರಿ’ ಒತ್ತಿದರೂ ಬೆಳಗ್ಗೆ ಹೋಗುವುದಿಲ್ಲ.”

“ಬೆಳಗ್ಗೆಯನ್ನು ನೀನು ಆಫ್ ಮಾಡಿದ್ಯಾ?”

“ಇಲ್ಲ. ರಾತ್ರಿ ಬಂತಲ್ಲ, ಮತ್ತೆ ಯಾಕೆ?”

ದಯಾನಂದಣ್ಣ ನಕ್ಕರು. “ರಾತ್ರಿ ಬಂದದ್ದು ಬೆಳಗ್ಗೆಗೆ ಹೇಗೆ ಗೊತ್ತಾಗ್ಬೇಕು? ಒಂದು ಬಟನಿಗೆ ಇನ್ನೊಂದರ ಸುದ್ದಿ ಗೊತ್ತಿಲ್ಲ. ಸ್ಕ್ರೀನಿನಲ್ಲೇ ಪಕ್ಕದಲ್ಲಿ ಒಂದು ಖಾಲಿ ಪೆಟ್ಟಿಗೆ ಉಂಟು ನೋಡು. ಎರಡು ಬಟನನ್ನೂ ಎಳೆದು ಅದರೊಳಗೆ ಹಾಕು. ಆಮೇಲೆ ಒಂದು ಹತ್ತಿದ್ರೆ ಇನ್ನೊಂದು ತನ್ನಷ್ಟಕ್ಕೆ ಆರ್ತದೆ.”

ಮುರ್ಶಿದಾ ಎರಡು ಸಲ ತಪ್ಪು ಜಾಗಕ್ಕೆ ಎಳೆದಳು. ಮೂರನೇ ಸಲ ಬಟನುಗಳು ಪೆಟ್ಟಿಗೆಯೊಳಗೆ ಕೂತವು. ಬೆಳಗ್ಗೆ. ರಾತ್ರಿ. ಬೆಳಗ್ಗೆ. ರಾತ್ರಿ. ಹದಿನೈದು ಸಲ ಒತ್ತಿ ನೋಡಿದಳು. ಮತ್ತೆ ಇನ್ನೊಬ್ಬ ಹುಡುಗನನ್ನು ದೋಣಿಯಲ್ಲಿ ಕೂರಿಸಿ, ಅಮಲ್‌ನನ್ನು ಕರೆತಂದು ಮೊದಲ ಸಾಲಿನಿಂದ ತೋರಿಸಿದಳು.

“ಇಲ್ಲಿಂದ ದೋಣಿ ಕಾಣ್ತದೆ. ಮುಖ ಕಾಣುವುದಿಲ್ಲ,” ಎಂದ ಅಮಲ್. ಸ್ವಲ್ಪ ಹೊತ್ತು ನೋಡಿ, “ಆಯ್ತು,” ಎಂದ.

ಮರುದಿನ ಸಂಜೆ ಹಾಲ್ ತುಂಬಿತ್ತು. ಮುರ್ಶಿದಾ ‘ರಾತ್ರಿ’ ಒತ್ತಿದಳು. ಹಳದಿ ಆರಿತು, ನೀಲಿ ಹರಡಿತು. ಅಮಲ್ ದೋಣಿಯಲ್ಲಿ ಕೂತು ಮಾತು ಹೇಳಿದ. ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಒಂದು ಚಿಕ್ಕ ಮಗು ಅಮ್ಮನ ಮಡಿಲೇರಿತು.

ಮಾತು ಮುಗಿದ ಕೂಡಲೇ ಕೋಳಿ ಕೂಗಬೇಕು, ಬೆಳಗಾಗಬೇಕು. ಪರದೆಯ ಹಿಂದಿನಿಂದ ಕೋಳಿ ಕೂಗಿತು. ಚಿತ್ರಾ ಟೀಚರ್ ಕೈಸನ್ನೆ ಮಾಡಿದರು.

ಮುರ್ಶಿದಾ ಮೌಸನ್ನು ‘ಬೆಳಗ್ಗೆ’ಯ ಮೇಲೆ ತಂದಳು. ಸ್ಟೇಜಿನತ್ತ ನೋಡಿದಳು. ನೀಲಿ ಬೆಳಕಲ್ಲಿ ಅಮಲ್‌ನ ಭುಜ ಇನ್ನೂ ಅಲುಗುತ್ತಿತ್ತು.

“ಮುರ್ಶಿದಾ, ಬೆಳಗ್ಗೆ,” ಎಂದು ಟೀಚರ್ ಪಿಸುಗುಟ್ಟಿದರು.

“ಇನ್ನೂ ಆಗ್ಲಿಲ್ಲ ಟೀಚರ್.”

ಕೋಳಿ ಇನ್ನೊಮ್ಮೆ ಕೂಗಿತು. ಅಮಲ್ ತಲೆ ತಗ್ಗಿಸಿ, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಮತ್ತೊಮ್ಮೆ ಒರೆಸಿಕೊಂಡ. ಆಮೇಲೆ ತಲೆಯೆತ್ತಿದ.

ಮುರ್ಶಿದಾ ಬಟನ್ ಒತ್ತಿದಳು.