ಗೇಟಿನ ಕೆಂಪು ಟವೆಲ್

ಗೇಟಿಗೆ ಕೆಂಪು ಟವೆಲ್ ಕಟ್ಟಿತ್ತು. ಒಳಗಿರುವವರು ಕ್ಷೇಮ ಎಂದು ಅದರ ಅರ್ಥ. ಆ ಬೀದಿಯ ಜನಕ್ಕೆ ಅಷ್ಟು ಸಾಕಾಗಿತ್ತು.

ಒಳಗೆ, ಬಚ್ಚಲುಮನೆಯ ನೆಲದ ಮೇಲೆ ರೊಸೆಂದಾ ಪಾಲ್ಮಾರೆಸ್ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು. ತುಟಿ ಒಣಗಿ ಒಡೆದಿತ್ತು. ಮೂರು ಬೆಕ್ಕುಗಳು ಅವರ ಮೈಗೆ ಒತ್ತಿಕೊಂಡು ಮಲಗಿದ್ದವು. ಬಾತ್ಚೊಯ್ ಎಂಬ ಮುದಿ ಕುರುಡು ನಾಯಿ ಬಾಗಿಲಿಗೆ ಅಡ್ಡ ಕೂತಿತ್ತು. ಕೂಗಿ ಕೂಗಿ ಅದರ ಗಂಟಲು ಕಟ್ಟಿಹೋಗಿತ್ತು.

"ಯಾವಾಗ ಬಿದ್ರಿ?" ಎಂದು ನನ್ನ ಜೊತೆ ಬಂದಿದ್ದ ಲುದಿವಿನಾ ಬಗ್ಗಿ ಕೇಳಿದರು.

"ಸೋಮವಾರ ಸಂಜೆ."

ಅಂದು ಬುಧವಾರ. ಬಕೆಟ್ಟನ್ನು ಹೇಗೋ ಹತ್ತಿರಕ್ಕೆಳೆದುಕೊಂಡು, ಉಡುಪಿನ ಅಂಚು ಅದ್ದಿ ನೀರು ಹೀರುತ್ತ ಆಕೆ ಜೀವ ಹಿಡಿದಿದ್ದರು.

ಹಾಗಾದರೆ ಗೇಟಿಗೆ ಟವೆಲ್ ಕಟ್ಟಿದ್ದು ಯಾರು?

ನಾನು ಫಿಲಿಪ್ಪೀನ್ಸಿನ ಇಲೊಯಿಲೊ ನಗರದಲ್ಲಿ ಪಶುವೈದ್ಯೆ. ಬಾತ್ಚೊಯ್‌ಗೆ ಬುಧವಾರ ಬೆಳಿಗ್ಗೆ ಕಣ್ಣು ತೋರಿಸಬೇಕಿತ್ತು. ರೊಸೆಂದಾ ಬರಲಿಲ್ಲ, ಫೋನೂ ಎತ್ತಲಿಲ್ಲ. ಆಗ ನನ್ನ ಕ್ಲಿನಿಕ್ಕಿನಲ್ಲಿ ತಮ್ಮ ಬೆಕ್ಕಿನೊಂದಿಗೆ ಕೂತಿದ್ದವರು ಲುದಿವಿನಾ ತೊರಾಲ್ಬಾ. ಪೊಲೀಸ್ ಇಲಾಖೆಯಲ್ಲಿ ತನಿಖಾಧಿಕಾರಿಯಾಗಿದ್ದು ನಿವೃತ್ತರಾದವರು. ಮನುಷ್ಯರ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯವಿಲ್ಲ. ಅದನ್ನು ಮುಚ್ಚಿಡುವ ಅಭ್ಯಾಸವೂ ಇಲ್ಲ. "ನಡೀರಿ ಡಾಕ್ಟ್ರೇ, ನೋಡ್ಕೊಂಡು ಬರೋಣ" ಎಂದು ಅವರೇ ಮೊದಲು ಎದ್ದರು.

ರೊಸೆಂದಾ ಶಾಲಾ ಸಮವಸ್ತ್ರ ಹೊಲಿದು ಬದುಕಿದವರು. ಮದುವೆಯಾಗಿರಲಿಲ್ಲ. ಅವರಿಗಿದ್ದದ್ದು ಸಾವಿನ ಭಯವಲ್ಲ. "ನಾನು ಸತ್ರೆ ಸತ್ತೆ. ಬಾಗಿಲು ಹಾಕಿರುತ್ತೆ. ಇವು ಒಳಗೇ ಹಸ್ಕೊಂಡು ಸಾಯ್ತವಲ್ಲ, ಅದು ಭಯ" ಎಂದು ಒಮ್ಮೆ ನನ್ನ ಬಳಿ ಹೇಳಿದ್ದರು. ಬೀದಿಯವರಿಗೆ ಇದು ತಮಾಷೆಯ ವಿಷಯ. ಹಸಿದರೆ ನಿನ್ನನ್ನೇ ತಿನ್ನುತ್ತವೆ ಬಿಡು ಎಂದು ಮುಖದ ಮೇಲೇ ಅಂದವರಿದ್ದರು.

ನಗುವವರು ನಗಲಿ ಎಂದು ಆಕೆ ಏರ್ಪಾಡು ಮಾಡಿಕೊಂಡರು. ಒಳಗೆ ಎಷ್ಟು ಪ್ರಾಣಿಗಳಿವೆ ಎಂದು ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಬರೆದರು. ತವರದ ಡಬ್ಬಿಯಲ್ಲಿ ಮೀಸಲಾಗಿ ಆಹಾರ ತುಂಬಿಟ್ಟರು. ಇನ್ನೊಂದು ಕೀಲಿಯನ್ನು ಪಕ್ಕದ ಮನೆಯ ಗೆಳತಿ ಸಲೂದ್‌ಗೆ ಕೊಟ್ಟರು. ಪ್ರತಿ ಬೆಳಿಗ್ಗೆ ಬ್ರೆಡ್ಡಿನವನು ಬರುವ ಮೊದಲು ಗೇಟಿಗೆ ಕೆಂಪು ಟವೆಲ್ ಕಟ್ಟುವುದು, ಕತ್ತಲಾಗುವ ಮುಂಚೆ ಬಿಚ್ಚುವುದು. ಟವೆಲ್ ಕಾಣದಿದ್ದರೆ ಸಲೂದ್ ಬಾಗಿಲು ತೆಗೆದು ನೋಡಬೇಕು.

ಬೀದಿಯ ಸಂಘದವರಿಗೆ ಇದು ಇದ್ದಕ್ಕಿದ್ದಂತೆ ಇಷ್ಟವಾಗಿಬಿಟ್ಟಿತು. ಕ್ರಿಸ್ಮಸ್ಸಿಗೆ ಮನೆಗೊಂದು ಕೆಂಪು ಟವೆಲ್ ಹಂಚಿದರು. 'ನಮ್ಮ ಬೀದಿಯಲ್ಲಿ ಯಾರೂ ಒಂಟಿಯಲ್ಲ' ಎಂದು ಬ್ಯಾನರ್ ಕಟ್ಟಿದರು. ಅದರ ಕೆಳಗೆ ಹಲ್ಲು ಬಿಟ್ಟು ಫೋಟೊ ತೆಗೆಸಿಕೊಂಡರು. ಅಲ್ಲಿಗೆ ಅವರ ಕಾಳಜಿ ಮುಗಿಯಿತು.

ಬುಧವಾರ ನಾವು ಹೋದಾಗ ಸಲೂದ್ ಗೇಟಿನ ಬಳಿ ಬಂದು, ಟವೆಲ್ ಇದೆಯಲ್ಲ, ಮಾರ್ಕೆಟ್ಟಿಗೆ ಹೋಗಿರಬಹುದು, ಸುಮ್ಮನೆ ಯಾಕೆ ತೊಂದರೆ ಕೊಡುವುದು ಎಂದಿದ್ದಳು. ಲುದಿವಿನಾ ಕೈ ಚಾಚಿ ಕೀಲಿ ಕೇಳಿದರು. ಅವಳು ಕೊಟ್ಟಳು. ಒಳಗೆ ಮಾತ್ರ ಬರಲಿಲ್ಲ. ಪ್ರಾಣಿಗಳ ಕೂದಲು ನನಗಾಗದು ಎಂದು ಮೂಗಿಗೆ ಕರವಸ್ತ್ರ ಹಿಡಿದು ಹೊರಗೇ ನಿಂತಳು. ಗೇಟಿನ ಟವೆಲ್ಲನ್ನು ನಾನೇ ಬಿಚ್ಚಿ ತಂದು ನೀರಿನಲ್ಲಿ ಅದ್ದಿ ರೊಸೆಂದಾರ ಮುಖ ಒರೆಸಿದೆ. ಆಂಬ್ಯುಲೆನ್ಸ್ ಹೊರಟಾಗ ಎಲ್ಲರಿಗಿಂತ ಜೋರಾಗಿ ಅತ್ತವಳು ಸಲೂದ್.

ಮಧ್ಯಾಹ್ನ ಬಂದ ಪೊಲೀಸನಿಗೆ ಅಪರಾಧಿ ಆಗಲೇ ಸಿಕ್ಕಿದ್ದ— ರೊಸೆಂದಾರ ಅಣ್ಣನ ಮಗ ನೊನಿತೊ. ಭಾನುವಾರ ಅವನು ಬಂದು ಜಗಳವಾಡಿದ್ದು ಬೀದಿಗೆಲ್ಲ ಕೇಳಿಸಿತ್ತು. ಮನೆ ಮಾರು, ಪ್ರಾಣಿಗಳನ್ನು ಎಲ್ಲಾದರೂ ಬಿಟ್ಟು ಬಾ, ನಮ್ಮ ಮನೆಯಲ್ಲಿರು ಎಂಬುದು ಅವನ ವಾದ. ಸೋಮವಾರ ಮತ್ತೆ ಬಂದಿರಬೇಕು, ಅತ್ತೆ ಬಿದ್ದದ್ದನ್ನು ನೋಡಿರಬೇಕು, ಯಾರೂ ಒಳಗೆ ಹೋಗದಿರಲಿ ಎಂದು ಟವೆಲ್ ಕಟ್ಟಿರಬೇಕು. ಪೊಲೀಸನ ತರ್ಕದಲ್ಲಿ 'ಬೇಕು'ಗಳೇ ಹೆಚ್ಚು.

ಲುದಿವಿನಾ ನೊನಿತೊನನ್ನು ಆಸ್ಪತ್ರೆಯ ವರಾಂಡದಲ್ಲಿ ಹಿಡಿದರು. ಗೇಟಿನ ಟವೆಲ್ ಬಗ್ಗೆ ಏನು ಗೊತ್ತು ಎಂದು ಕೇಳಿದರು.

"ಟವೆಲ್ಲಾ? ಒಗೆದು ಒಣಗಾಕಿರ್ತಾರೆ. ಅದಕ್ಕೇನಾಯ್ತು?"

ಅವನ ಮುಖವನ್ನು ಲುದಿವಿನಾ ಒಂದು ಗಳಿಗೆ ನೋಡಿದರು. ಅತ್ತೆಯ ಏರ್ಪಾಡು ಏನೆಂದು ಆ ಮಹಾಶಯ ಒಂದು ದಿನವೂ ಕೇಳಿ ತಿಳಿದುಕೊಂಡಿರಲಿಲ್ಲ. "ಇವನು ದಡ್ಡ, ಸ್ವಾರ್ಥಿ. ಆದ್ರೆ ಟವೆಲ್ ಕಟ್ಟಿದೋನಲ್ಲ" ಎಂದು ಅವನಿಗೆ ಕೇಳುವಂತೆಯೇ ನನಗೆ ಹೇಳಿದರು.

ಉಳಿದವಳು ಎದುರು ಮನೆಯ ಬಿಸಿಂಗ್. ಬಾತ್ಚೊಯ್ ಬೊಗಳುತ್ತದೆ ಎಂದು ಸಂಘಕ್ಕೆ ದೂರು ಕೊಟ್ಟವಳು. ಆ ನಾಯಿ ಸತ್ತರೆ ಹಬ್ಬ ಮಾಡುತ್ತೇನೆ ಎಂದು ಎಲ್ಲರೆದುರು ಅಂದವಳು. ನಾವು ಹೋದಾಗ ಒಣಮೀನು ಹುರಿಯುತ್ತಿದ್ದಳು.

"ನೀನೇನಾದ್ರೂ ನೋಡ್ದೆಯಾ?"

"ನೋಡೋದೇನು, ಕೇಳಿಸ್ಕೊಂಡೆ. ಮಂಗಳವಾರ ರಾತ್ರಿಯೆಲ್ಲ ಊಳಿಟ್ತು ದರಿದ್ರದ್ದು."

"ಮತ್ತೆ ಹೋಗಿ ಯಾಕೆ ನೋಡ್ಲಿಲ್ಲ?"

"ಕೀಲಿ ನನ್ನ ಹತ್ರ ಇದೆಯಾ? ಕಿಟಕಿಯಿಂದ ನೋಡ್ದೆ, ಟವೆಲ್ ಇತ್ತು. ಕತ್ತಲಾದ್ಮೇಲೂ ಇತ್ತು. ಇವತ್ತು ಬಿಚ್ಚೋದು ಮರ್ತಿದಾಳೆ ಅಂದ್ಕೊಂಡೆ. ಸಲೂದ್‌ಗೂ ಹೇಳ್ದೆ. ಅವತ್ತು ಗಿಮಾರಸ್ ದ್ವೀಪಕ್ಕೆ ಹೋಗಿ ಬಂದು ಮಾವಿನಹಣ್ಣು ಕೊಟ್ಲಲ್ಲ, ಆವಾಗ. ಬಿಡು, ಮರ್ತಿರ್ತಾಳೆ ಅಂದ್ಲು."

ಕ್ರಿಸ್ಮಸ್ಸಿನ ಟವೆಲ್ ಎಲ್ಲಿ ಎಂದು ಲುದಿವಿನಾ ಕೇಳಿದರು. ಬಿಸಿಂಗ್ ಕಾಲಿನಿಂದ ತೋರಿಸಿದಳು. ಒಲೆಯ ಮುಂದೆ ನೆಲ ಒರೆಸುವ ಬಟ್ಟೆಯಾಗಿ, ಜಿಡ್ಡು ಹಿಡಿದು ಬಿದ್ದಿತ್ತು.

ಅಲ್ಲಿಂದ ರೊಸೆಂದಾರ ಮನೆಗೆ ಹೋದೆವು. ಬೆಕ್ಕುಗಳನ್ನು ನನ್ನ ಕ್ಲಿನಿಕ್ಕಿಗೆ ಸಾಗಿಸಬೇಕಿತ್ತು. ಒಂದು ಬೆಕ್ಕು ಹೊಲಿಗೆ ಯಂತ್ರದ ಮುಂದಿನ ಕುರ್ಚಿ ಬಿಟ್ಟು ಏಳಲೊಲ್ಲದು. ಎತ್ತಿದೆ. ಅದರ ಕೆಳಗೆ ಮಡಿಸಿಟ್ಟ ಕೆಂಪು ಟವೆಲ್ ಇತ್ತು.

ಲುದಿವಿನಾ ಅದನ್ನು ತೆಗೆದು ಬೆಳಕಿಗೆ ಹಿಡಿದರು. ಆಮೇಲೆ ನನ್ನ ಕಪ್ಪು ಪ್ಯಾಂಟನ್ನು ನೋಡಿ ನಕ್ಕರು. ಅದನ್ನೂ, ನಾನು ತೆಗೆದಿಟ್ಟಿದ್ದ ಗೇಟಿನ ಟವೆಲ್ಲನ್ನೂ ಚೀಲಕ್ಕೆ ಹಾಕಿಕೊಂಡರು.

ಗುರುವಾರ ಸಂಜೆ ಸಲೂದ್‌ಳ ಮನೆಯಲ್ಲಿ ರೊಸೆಂದಾ ಬೇಗ ಗುಣವಾಗಲೆಂದು ಜಪಮಾಲೆಯ ಪ್ರಾರ್ಥನೆ. ಬೀದಿಯ ಜನವೆಲ್ಲ ಬಂದಿತ್ತು. ಬಾಗಿಲು ಒಡೆದು ನೋಡಲು ಬಾರದ ಭಕ್ತಿ ಮೊಣಕಾಲೂರಲು ಮಾತ್ರ ತಡಮಾಡಿರಲಿಲ್ಲ. ಮೇಜಿನ ಮೇಲೆ ಅನ್ನದ ಸಿಹಿತಿಂಡಿ; ಅದರ ಮೇಲೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ. ಪ್ರಾರ್ಥನೆ ಮುಗಿಯುವ ತನಕ ಲುದಿವಿನಾ ಸುಮ್ಮನೆ ಕೂತಿದ್ದರು. ಆಮೇಲೆ ಚೀಲದಿಂದ ಎರಡು ಕೆಂಪು ಟವೆಲ್ ತೆಗೆದು ಮೇಜಿನ ಮೇಲೆ ಹರಡಿದರು.

"ಇದು ಒಳಗೆ ಸಿಕ್ಕಿದ್ದು. ಇದು ಗೇಟಿಂದು. ಏನು ವ್ಯತ್ಯಾಸ?"

ಬೀದಿಯವರು ಕತ್ತು ಚಾಚಿ ನೋಡಿದರು. ಲುದಿವಿನಾ ನನ್ನತ್ತ ತಿರುಗಿದರು.

"ಡಾಕ್ಟ್ರೇ, ಆ ಮನೇಲಿ ಸ್ವಲ್ಪ ಹೊತ್ತು ಕೂತು ಬಂದ್ರೆ ನಿಮ್ಮ ಬಟ್ಟೆ ಹೇಗಾಗುತ್ತೆ?"

"ಮೈಯೆಲ್ಲ ಕೂದಲು" ಎಂದೆ. ಹೇಳುತ್ತಿದ್ದಂತೆ ನನಗೆ ಹೊಳೆಯಿತು. ದಿನವೂ ಆ ಕೂದಲು ಕೊಡವಿಕೊಳ್ಳುವವಳು ನಾನು; ಗೇಟಿನ ಟವೆಲ್ಲನ್ನು ನನ್ನ ಕೈಯಾರೆ ಬಿಚ್ಚಿದವಳೂ ನಾನು. ಒಳಗಿನ ಟವೆಲ್ ಬಿಳಿ, ಕಂದು ಕೂದಲಿನಿಂದ ಕಂಬಳಿಯಂತಾಗಿತ್ತು. ಗೇಟಿನದರಲ್ಲಿ, ಮುಖ ಒರೆಸಿದಾಗ ಅಂಟಿದ ಒಂದೆರಡು ಎಳೆ ಬಿಟ್ಟರೆ ಕೂದಲೇ ಇರಲಿಲ್ಲ. ನಾನು ಒದ್ದೆ ಮಾಡಿದ್ದರೂ ನೀರು ತಾಕದ ತುದಿಯಲ್ಲಿ ಇಸ್ತ್ರಿಯ ಮಡಿಕೆ ಕತ್ತಿಯಂತೆ ನಿಂತಿತ್ತು.

"ಇದು ರೊಸೆಂದಾ ಟವೆಲ್ಲೇ ಅಲ್ಲ" ಎಂದರು ಲುದಿವಿನಾ. "ಬೇರೆ ಮನೆಯಿಂದ ಬಂದಿದ್ದು. ಪ್ರಾಣಿ ಇಲ್ಲದ, ಟವೆಲ್ಲಿಗೂ ಇಸ್ತ್ರಿ ಹಾಕೋ ಮನೆ. ಸಲೂದ್, ನಿನ್ನ ಟವೆಲ್ ಎಲ್ಲಿ?"

ಸಲೂದ್ ಅದನ್ನು ಯಾರಿಗೋ ಕೊಟ್ಟೆ ಎಂದಳು. ಯಾರಿಗೆ ಎಂದಾಗ ನೆನಪಿಲ್ಲ ಎಂದಳು.

"ಪೊಲೀಸರು ತಪ್ಪು ಪ್ರಶ್ನೆ ಕೇಳಿದ್ರು. ರೊಸೆಂದಾ ಸತ್ರೆ ಯಾರಿಗೆ ಲಾಭ ಅಂತ. ನಾನು ಕೇಳಿದ್ದು ಬೇರೆ— ಟವೆಲ್ ಇದ್ರೆ ಯಾರಿಗೆ ಕೆಲಸ ತಪ್ಪುತ್ತೆ? ಈ ಬೀದೀಲಿ ಒಬ್ಬಳಿಗೆ ಮಾತ್ರ. ಕೀಲಿ ಇಟ್ಕೊಂಡೋಳಿಗೆ."

ಸಲೂದ್ ಬಾಯಿ ಬಿಟ್ಟಳು. ಮಾತು ತುಂಡು ತುಂಡಾಗಿ ಬಂತು. ಮಂಗಳವಾರ ಚರ್ಚಿನ ಗಾಯಕರೆಲ್ಲ ಗಿಮಾರಸ್ ದ್ವೀಪಕ್ಕೆ ಹೊರಟಿದ್ದರು. ದೋಣಿ ಕಾಯುತ್ತಿತ್ತು. ಬ್ರೆಡ್ಡಿನವನು ಬಂದು ಹೋದರೂ ಗೇಟಿನಲ್ಲಿ ಟವೆಲ್ ಇಲ್ಲ. ಹಿಂದೆ ಎರಡು ಸಲ ರೊಸೆಂದಾ ಹೀಗೇ ಮರೆತಿದ್ದರು. ನೋಡಲು ಒಳಗೆ ಹೋಗಿ ಅವಳ ಬಟ್ಟೆಯೆಲ್ಲ ಕೂದಲಾಗಿತ್ತು. ಅಂದು ಹೊಸ ಬಿಳಿ ಉಡುಪು ಹಾಕಿದ್ದಳು. ಟವೆಲ್ ಕಾಣದೆ ಬೀದಿಯವರು ತನ್ನನ್ನು ಕೂಗಿ ಕರೆಯುವುದು ಬೇಡವೆಂದು ತನ್ನದನ್ನೇ ತಂದು ಕಟ್ಟಿ ಹೊರಟಳು.

"ಕೆಟ್ಟದ್ದು ಬಯಸಿ ಮಾಡಿದ್ದಲ್ಲ ಲುದಿ ಅಕ್ಕಾ. ಎದ್ದಿಲ್ಲ ಅಂದ್ಕೊಂಡೆ ಅಷ್ಟೇ."

"ಬೆಳಿಗ್ಗೇದನ್ನ ಸೋಮಾರಿತನ ಅಂತ ಬಿಡ್ತೀನಿ" ಎಂದರು ಲುದಿವಿನಾ. ಅವರ ದನಿ ಏರಲಿಲ್ಲ. "ಸಂಜೆ ವಾಪಸ್ ಬಂದೆ. ಆ ಗೇಟ್ ದಾಟದೆ ನಿನ್ನ ಮನೆಗೆ ದಾರಿಯಿಲ್ಲ. ಟವೆಲ್ ಇನ್ನೂ ಇದೆ ಅಂತ ಬಿಸಿಂಗ್ ಬೇರೆ ಹೇಳಿದ್ಲು. ಅದು ನಿಂದು ಅಂತ ನಿಂಗೊಬ್ಬಳಿಗೇ ಗೊತ್ತು. ಇಡೀ ದಿನ ಅದನ್ನ ಯಾರೂ ಬಿಚ್ಚಿಲ್ಲ ಅಂದ್ರೆ ಒಳಗಿರೋಳು ಎದ್ದೇ ಇಲ್ಲ ಅಂತಲೂ ಗೊತ್ತಾಯ್ತು. ಬಾಗಿಲು ತೆಗೆದ್ರೆ ಟವೆಲ್ ಕತೆ ಹೇಳ್ಬೇಕಾಗುತ್ತೆ. ಅದಕ್ಕೆ ಮನೆಗೆ ಹೋಗಿ ಮಲಗಿದೆ."

ಸಲೂದ್ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು. ಬೀದಿಯವರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕತೊಡಗಿದರು. ಸಿಹಿತಿಂಡಿಯನ್ನು ಯಾರೂ ಮುಟ್ಟಲಿಲ್ಲ. ಬಿಸಿಂಗ್ ಮಾತ್ರ ಒಂದು ತುಂಡು ತಿಂದಳು.

ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಂಡರು. ತಳ್ಳಿದವರು ಯಾರೂ ಇಲ್ಲವಲ್ಲ, ಯಾವ ಕಲಂ ಹಾಕುವುದು ಎಂದು ತಲೆ ಕೆರೆದುಕೊಂಡರು. ಬ್ಯಾನರ್ ಒಂದು ಬೆಳಿಗ್ಗೆ ಸದ್ದಿಲ್ಲದೆ ಮಾಯವಾಯಿತು.

ರೊಸೆಂದಾರಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಸಲೂದ್ ಆಸ್ಪತ್ರೆಗೆ ಬಂದಳು. ನಾನೂ ಬಿಸಿಂಗೂ ಅಲ್ಲೇ ಇದ್ದೆವು. ಕ್ಷಮೆಯ ಮಾತು ಶುರುವಾಗುತ್ತಿದ್ದಂತೆ ರೊಸೆಂದಾ ಕೈಯೆತ್ತಿ ತಡೆದರು.

"ಒಂದು ಮಾತು ಕೇಳ್ತೀನಿ, ನಿಜ ಹೇಳು. ಮಂಗಳವಾರ ಸಂಜೆ ಗೇಟ್ ಹತ್ರ ನಿಂತಿದ್ಯಾ? ಚಪ್ಪಲಿ ಸದ್ದು ಕೇಳ್ತು. ನಿನ್ನ ಹೆಸರು ಹಿಡಿದು ಕೂಗ್ದೆ. ಸದ್ದು ನಿಂತ್ಕೊಳ್ತು. ಆಮೇಲೆ ದೂರ ಹೋಯ್ತು."

ಸಲೂದ್ ನೆಲ ನೋಡಿದಳು. "ಕೇಳಿಸ್ತು" ಎಂದಳು.

ರೊಸೆಂದಾ ಉಸಿರು ಬಿಟ್ಟರು. "ಸದ್ಯ. ನಂಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ. ಆ ರಾತ್ರಿ ಅದೇ ದೊಡ್ಡ ಭಯ ಆಗಿತ್ತು." ಮತ್ತೆ ಕೈ ಚಾಚಿದರು. "ಕೀಲಿ."

ಲುದಿವಿನಾ ಬುಧವಾರವೇ ಅವಳಿಂದ ಪಡೆದ ಕೀಲಿ ನನ್ನ ಚೀಲದಲ್ಲಿತ್ತು. ಕೊಟ್ಟೆ. ರೊಸೆಂದಾ ಅದನ್ನು ಬಿಸಿಂಗ್‌ಳತ್ತ ಹಿಡಿದರು. ಆ ನಾಯಿ ಕಂಡರೆ ನನಗಾಗುವುದಿಲ್ಲವೆಂದು ಗೊತ್ತಿಲ್ಲವೆ ಎಂದು ಬಿಸಿಂಗ್ ಮುಖ ಸಿಂಡರಿಸಿದಳು.

"ಗೊತ್ತು. ಅದು ಕುಂಯ್ ಅಂದ್ರೂ ನಿಂಗೆ ತಡಿಯಲ್ಲ. ನಂಗೆ ಅಂಥೋರೇ ಬೇಕು."

ಬಿಸಿಂಗ್ ಕೀಲಿಯನ್ನು ಪರ್ಸಿಗೆ ಹಾಕಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ಆ ದರಿದ್ರದ್ದು ಬೆಳಿಗ್ಗೆ ಏನು ತಿನ್ನುತ್ತದೆ ಎಂದು ಕೇಳಿದಳು.