ಮೇಕೆ ಸಾಕ್ಷಿ ಹೇಳುವುದಿಲ್ಲ

ಗೋಪಿನಾಥನಿಗೆ ಆದ ಅನ್ಯಾಯವನ್ನು ಮೊದಲು ಹೇಳಿಬಿಡಬೇಕು. ಇಲ್ಲದಿದ್ದರೆ ಎಲ್ಲರೂ ಅವನನ್ನು ಸುಮ್ಮಸುಮ್ಮನೆ ಕೆಟ್ಟವನು ಅಂದುಕೊಳ್ಳುತ್ತಾರೆ. ದಸರಾ ಮುಗಿದ ಕೂಡಲೇ ಮೈಸೂರಿನಲ್ಲಿ ನಡೆಯುವ ವಿದ್ಯಾರ್ಥಿಗಳ ವಸ್ತುಪ್ರದರ್ಶನಕ್ಕೆ ವಿಶ್ವವಿದ್ಯಾಲಯದ ಪ್ರತಿ ಕ್ಯಾಂಪಸ್ಸಿನಿಂದ ಒಂದು ಮಾದರಿ ಹೋಗಬೇಕಿತ್ತು. ಕೆ.ಜಿ.ಎಫ್.ನ ಉರಿಗಾಂ ಕ್ಯಾಂಪಸ್ಸಿನಿಂದ ಹೋಗುವುದು ತನ್ನ ‘ಸ್ಮಾರ್ಟ್ ಕ್ಯಾಂಪಸ್’ ಎಂದು ಗೋಪಿನಾಥ್ ಎಷ್ಟು ಗಟ್ಟಿಯಾಗಿ ನಂಬಿದ್ದನೆಂದರೆ, ಮೈಸೂರಿನಲ್ಲಿ ಹಾಕಿಕೊಳ್ಳಲು ಕೋಟು ಕೂಡ ಹೊಲಿಸಿಯಾಗಿತ್ತು. ಥರ್ಮೋಕೋಲಿನ ಕಟ್ಟಡಗಳು, ತಾವಾಗಿಯೇ ಹತ್ತಿಕೊಳ್ಳುವ ನೀಲಿ ದೀಪಗಳು, ಗೇಟಿನಲ್ಲಿ ತಲೆಯಾಡಿಸುವ ಒಂದು ವಾಚ್‌ಮನ್ ಗೊಂಬೆ. ಬೆಂಗಳೂರಿನ ಅಂಗಡಿಯೊಂದರಲ್ಲಿ ಇದು ಸಿದ್ಧವಾಗಿಯೇ ಸಿಗುತ್ತಿತ್ತು ನಿಜ. ಆದರೆ ಅದರ ಮೇಲೆ ತನ್ನ ಹೆಸರಿನ ಫಲಕ ಅಂಟಿಸುವ ಕೆಲಸವನ್ನು ಅವನು ಯಾರ ನೆರವೂ ಇಲ್ಲದೆ ತಾನೇ ಮಾಡಿದ್ದ.

ಆಯ್ಕೆಯಾದದ್ದು ಸುಮಿತಾಳ ಗಣಿ. ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಯ ಆ ಹುಡುಗಿ ಹಳೇ ಪೇಪರನ್ನು ನೆನೆಸಿ, ಅರೆದು, ಮೈದಾ ಅಂಟಿನಲ್ಲಿ ಕಲಸಿ ಇಡೀ ಒಂದು ಗಣಿಯನ್ನೇ ಕಟ್ಟಿದ್ದಳು. ಸುರಂಗದ ಗೋಡೆಗೆ ಕಡಲೆಕಾಯಿ ಸಿಪ್ಪೆ, ಬಂಡೆಗೆ ಹುಣಸೆಬೀಜ, ಮೇಲಿನ ಗುಡ್ಡಕ್ಕೆ ಒಣಹುಲ್ಲು. ದಾರ ಎಳೆದರೆ ರಟ್ಟಿನ ತೊಟ್ಟಿಲು ಗಣಿಯ ಬಾವಿಯೊಳಕ್ಕೆ ಇಳಿದು ಹತ್ತುತ್ತಿತ್ತು. ಆ ದಾರ ಸುತ್ತುವ ಬಿದಿರುಕಡ್ಡಿಯ ಚಕ್ರವನ್ನು ಅವಳ ತಾತ ಕೋದಂಡಪ್ಪ ಕಟ್ಟಿಕೊಟ್ಟಿದ್ದ. ಕಟ್ಟಿಕೊಟ್ಟ ಮಾರನೇ ವಾರವೇ ತೀರಿಕೊಂಡ. ಅವನ ಕೈಯಿಂದಾದ ಕೊನೆಯ ಕೆಲಸ ಅದು. ಸುಮಿತಾ ಅದನ್ನು ಮೈಸೂರಿಗೆ ಒಯ್ಯಬೇಕೆಂದು ಆಸೆಪಟ್ಟದ್ದರಲ್ಲಿ ಬಹುಮಾನಕ್ಕಿಂತ ತಾತನ ಪಾಲೇ ದೊಡ್ಡದಿತ್ತು. ಗೋಪಿನಾಥನಿಗೆ ಮಾತ್ರ ಅದರಲ್ಲಿ ಕಂಡದ್ದು ರದ್ದಿ ಪೇಪರು. ರದ್ದಿ ಪೇಪರಿನ ಮುಂದೆ ತನ್ನ ನೀಲಿ ದೀಪ ಸೋತಿತಲ್ಲ ಎಂದು ಅವನ ಹೊಟ್ಟೆ ಉರಿದುಹೋಯಿತು.

ಉರಿಯುವ ಹೊಟ್ಟೆಗೆ ತುಪ್ಪ ಸುರಿದವರು ಕ್ಯಾಂಪಸ್ಸಿನ ನಿರ್ದೇಶಕಿ ಆದಿಲಕ್ಷ್ಮಮ್ಮನವರು. ಸಮಾಧಾನ ಹೇಳುವ ಭರದಲ್ಲಿ, “ಬೇಜಾರು ಮಾಡ್ಕೋಬೇಡ ಗೋಪಿನಾಥ್. ಸುಮಿತಾಂದು ಏನಾದ್ರೂ ಕಾರಣಕ್ಕೆ ಹೋಗದೆ ಇದ್ರೆ ನಿಂದೇ ಹೋಗೋದು,” ಎಂದಿದ್ದರು. ಒಳ್ಳೆಯವರು ಆಡುವ ಮಾತು ಕೆಲವು ಸಲ ಎಲ್ಲಿ ಹೋಗಿ ಬೀಳುತ್ತದೆ ಎಂದು ಅವರಿಗೇ ಗೊತ್ತಿರುವುದಿಲ್ಲ. ಏನಾದರೂ ಕಾರಣ. ಗೋಪಿನಾಥ್ ಆ ಎರಡು ಪದಗಳನ್ನು ಮನೆಗೆ ಹೊತ್ತುಕೊಂಡು ಹೋದ.

ಕಾರಣ ಅವನ ಕಣ್ಣೆದುರಿಗೇ ಮೇಯುತ್ತಿತ್ತು. ಕ್ಯಾಂಪಸ್ ಇದ್ದದ್ದು ಗಣಿ ಕಂಪನಿಯ ಕಾಲದ ಬಂಗಲೆಗಳಲ್ಲಿ. ಬೇಲಿ ಎಂಬುದು ಕಂಪನಿಯ ಜೊತೆಗೇ ಮುಗಿದಿತ್ತು. ಹಿಂದಿನ ಬೀದಿಯ ಕದಿರಪ್ಪ ಬೆಳಗಾಗುತ್ತಲೇ ತನ್ನ ಮೇಕೆಗಳನ್ನು ಕ್ಯಾಂಪಸ್ಸಿನೊಳಕ್ಕೆ ಬಿಟ್ಟು ಟೀ ಕುಡಿಯಲು ಹೋಗುತ್ತಿದ್ದ. ಅವು ನೋಟಿಸ್ ಬೋರ್ಡಿನ ಕಾಗದ ತಿನ್ನುತ್ತಿದ್ದವು, ಒಣಹಾಕಿದ ಬಟ್ಟೆ ತಿನ್ನುತ್ತಿದ್ದವು, ಒಮ್ಮೆ ಅರ್ಥಶಾಸ್ತ್ರದ ಪ್ರಶ್ನೆಪತ್ರಿಕೆಯನ್ನೇ ತಿಂದು ಒಂದಿಡೀ ತರಗತಿಯ ಆಶೀರ್ವಾದ ಪಡೆದಿದ್ದವು. ಪೇಪರು, ಮೈದಾ, ಹುಲ್ಲು, ಕಡಲೆ ಸಿಪ್ಪೆ: ಸುಮಿತಾ ಕಟ್ಟಿದ್ದು ಗಣಿಯಲ್ಲ, ಮೇಕೆಯ ಮದುವೆ ಊಟ.

ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದ ಗಾದೆ ಗೋಪಿನಾಥನಿಗೂ ಗೊತ್ತಿತ್ತು. ಆ ಕೋತಿ ಶುದ್ಧ ದಡ್ಡ ಎಂಬುದು ಅವನ ಅಭಿಪ್ರಾಯ. ಒರೆಸಲು ಹೋದದ್ದರಿಂದ ತಾನೇ ಸಿಕ್ಕಿಬಿದ್ದು ಗಾದೆಯಾಯಿತು? ಮೊಸರನ್ನು ಮೇಕೆಗೇ ತಿನ್ನಿಸಿದ್ದರೆ ಯಾವ ಗಾದೆಯೂ ಹುಟ್ಟುತ್ತಿರಲಿಲ್ಲ. ಅವನು ಕೈ ಕೂಡ ಸೋಕಿಸುವುದಿಲ್ಲ. ಬಾಗಿಲು ತೆರೆದಿಡುತ್ತಾನೆ, ಅಷ್ಟೇ. ಉಳಿದದ್ದು ಮೇಕೆಯ ಹಣೆಬರಹ. ಮೇಕೆಯನ್ನು ಯಾರೂ ವಿಚಾರಣೆಗೆ ಕರೆಯುವುದಿಲ್ಲ, ಕರೆದರೂ ಅದು ಸಾಕ್ಷಿ ಹೇಳುವುದಿಲ್ಲ.

ದಿನವನ್ನು ಅವನು ಬಹಳ ಯೋಚಿಸಿ ಆರಿಸಿದ. ಆಯುಧಪೂಜೆಯ ಹಿಂದಿನ ದಿನ. ಅಂದು ಮಧ್ಯಾಹ್ನವೇ ಮಾದರಿ ಹೊತ್ತ ವ್ಯಾನು ಮೈಸೂರಿಗೆ ಹೊರಡುವುದರಿಂದ ಸುಮಿತಾಳಿಗೆ ಮತ್ತೆ ಕಟ್ಟಲು ಹೊತ್ತಿರುವುದಿಲ್ಲ. ಮರುದಿನದಿಂದ ಹಬ್ಬದ ರಜೆ. ರಜೆ ಮುಗಿದು ಜನ ವಾಪಸು ಬರುವಷ್ಟರಲ್ಲಿ ವಿಚಾರಣೆಯೂ ಮೇಕೆ ಹಿಕ್ಕೆಯೂ ಒಟ್ಟಿಗೇ ಒಣಗಿರುತ್ತವೆ. ಆಯುಧಪೂಜೆಯಿಂದ ಇಷ್ಟೊಂದು ಉಪಕಾರ ಪಡೆದವನು ಇಡೀ ಕೋಲಾರ ಜಿಲ್ಲೆಯಲ್ಲಿ ತಾನೊಬ್ಬನೇ ಇರಬೇಕು ಎಂದು ಅವನಿಗೆ ನಗು ಬಂತು.

ಮೇಕೆಗಳನ್ನು ಒಳಕ್ಕೆ ಕರೆಯಲು ಸೊಪ್ಪು ಬೇಕು. ಮನೆಯ ತೋಟದಲ್ಲಿ ಹಿಪ್ಪುನೇರಳೆ ಬೇಕಾದಷ್ಟಿತ್ತು; ಅಪ್ಪ ಚಿಕ್ಕವೆಂಕಟಪ್ಪ ರೇಷ್ಮೆ ಹುಳು ಸಾಕುವವನು. ಆದರೆ ಒಂದು ಎಲೆ ಅಲ್ಲಿ ಬಿದ್ದುಳಿದರೂ ಬೆರಳು ಹುಳು ಸಾಕುವ ಮನೆಯ ಕಡೆ ತಿರುಗುತ್ತದೆ. ಅದಕ್ಕೇ ಅಗಸೆ ಸೊಪ್ಪು ಆರಿಸಿದ. ಅಗಸೆ ಯಾರ ಹಿತ್ತಿಲಲ್ಲಿಲ್ಲ? ಇಂಥ ಸೂಕ್ಷ್ಮಬುದ್ಧಿ ತನ್ನ ಸೆಮಿಸ್ಟರ್ ಪರೀಕ್ಷೆಯಲ್ಲಿ ಯಾಕೆ ಕೈಹಿಡಿಯುವುದಿಲ್ಲ ಎಂದು ಅವನಿಗೇ ಆಶ್ಚರ್ಯವಾಯಿತು.

ಇನ್ನು ಉಳಿದದ್ದು ರೈಲು. ಹೋದ ವರ್ಷದವರೆಗೆ ಗೋಪಿನಾಥ್ ಹಾಸ್ಟೆಲಿನಲ್ಲಿದ್ದ. ಅಲ್ಲಿನ ಮುದ್ದೆಯ ಬಗ್ಗೆ ಭಾಷಣ ಮಾಡಿ ವಾರ್ಡನ್ನರ ಸಿಟ್ಟಿಗೆ ಗುರಿಯಾಗಿ ಹೊರಬಿದ್ದ ಮೇಲೆ ಈ ವರ್ಷದಿಂದ ಬಂಗಾರಪೇಟೆಯಿಂದ ಕಾಲೇಜಿಗೆ ಬೆಳಗಿನ ರೈಲಿನಲ್ಲಿ ಬರುತ್ತಿದ್ದ. ಆ ರೈಲಿನ ದಿನನಿತ್ಯದ ಪ್ರಯಾಣಿಕರು ಒಂದು ದೊಡ್ಡ ಕುಟುಂಬ. ಮೇಷ್ಟ್ರುಗಳು, ಕಾರ್ಖಾನೆಯವರು, ವಿದ್ಯಾರ್ಥಿಗಳು, ಮೂರು ಭಾಷೆಯ ಹರಟೆ. ಕುಟುಂಬದ ಯಜಮಾನರು ರಸಾಯನಶಾಸ್ತ್ರದ ರಾಮಚಂದ್ರಪ್ಪ ಮೇಷ್ಟ್ರು. ಕೆಲವು ದಿನಗಳಿಂದ ಅವರು ಬೋಗಿಯಿಂದ ಬೋಗಿಗೆ ಓಡಾಡಿ ಹೂವು ಯಾರದು, ಬಾಳೆಕಂದು ಯಾರದು ಎಂದು ಏನೇನೋ ಹಂಚಿಕೆ ಮಾಡುತ್ತಿದ್ದರು. ಅವರು ತನ್ನ ಕಡೆ ಬಂದಾಗಲೆಲ್ಲ ಗೋಪಿನಾಥ್ ಕಿವಿಗೆ ಇಯರ್‌ಫೋನ್ ತುರುಕಿ ಕಣ್ಣು ಮುಚ್ಚುತ್ತಿದ್ದ. ಮಹತ್ಕಾರ್ಯದ ಚಿಂತೆಯಲ್ಲಿರುವವನಿಗೆ ಮೇಷ್ಟ್ರ ಬಾಳೆಕಂದು ಕಟ್ಟಿಕೊಂಡು ಏನಾಗಬೇಕು?

ಯೋಜನೆ ಸರಳವಾಗಿತ್ತು. ಬೆಳಕು ಹರಿಯುವಾಗ ಮಾವ ಮೂರ್ತಿಯ ಮೊಪೆಡ್ಡಿನಲ್ಲಿ ಉರಿಗಾಂಗೆ ಹೋಗಿ ಕೆಲಸ ಮುಗಿಸುವುದು. ಮೊಪೆಡ್ಡನ್ನು ಪಾಳುಬಿದ್ದ ಕ್ವಾರ್ಟರ್ಸಿನ ಗೋಡೆ ಮರೆಯಲ್ಲಿ ನಿಲ್ಲಿಸುವುದು. ರೈಲು ಬಂದಾಗ ಇಳಿದ ಗುಂಪಿನಲ್ಲಿ ಸೇರಿಕೊಂಡು ಎಲ್ಲರ ಜೊತೆ ಕ್ಯಾಂಪಸ್ಸಿಗೆ ಬರುವುದು. ಯಾವ ಬೋಗಿ ಎಂದು ಯಾರಾದರೂ ಕೇಳಿದರೆ ಕೊನೆಯದು. ಕೊನೆಯ ಬೋಗಿಯಲ್ಲಿ ಯಾವಾಗಲೂ ಜನವಿರುವುದಿಲ್ಲ. ಜನವಿಲ್ಲದ ಕಡೆ ಅವನನ್ನು ಕಾಣಲಿಲ್ಲ ಎನ್ನುವವರೂ ಇರುವುದಿಲ್ಲ. ಎಲ್ಲಕ್ಕೂ ಮೇಲೆ ಒಂದು ಟಿಕೆಟ್ಟು. ಈ ವರ್ಷ ಅವನು ಒಂದು ದಿನವೂ ಟಿಕೆಟ್ ಕೊಂಡವನಲ್ಲ. ಅಪರಾಧ ಮಾಡಲು ಹೊರಟ ದಿನ ಮೊದಲ ಸಲ ಪ್ರಾಮಾಣಿಕನಾಗಬೇಕಾಗಿ ಬಂದದ್ದು ಅವನಿಗೆ ಸ್ವಲ್ಪ ಕಸಿವಿಸಿ ಉಂಟುಮಾಡಿತು.

ಹಿಂದಿನ ಸಂಜೆ ಅವನು ಕ್ಯಾಂಪಸ್ಸಿನಲ್ಲಿ ಮಾದರಿಗಳನ್ನಿಟ್ಟಿದ್ದ ಹಾಲಿನಲ್ಲಿ ಬೆಂಚು ಸಾಗಿಸಲು ತಾನಾಗಿ ಮುಂದೆ ಬಂದ. ಅಟೆಂಡರ್ ಆರುಮುಗಂ ಹಿಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಮುಂಬಾಗಿಲಿಗೆ ಬೀಗ ಹಾಕಲು ಬಂದಾಗ, “ಅಣ್ಣಾ, ಬ್ಯಾಗು ಒಳಗೇ ಮರ್ತೆ,” ಎಂದು ಓಡಿಹೋಗಿ ಹಿಂಬಾಗಿಲ ಚಿಲಕ ಸರಿಸಿ ಬಂದ. ಆರುಮುಗಂ ಗುತ್ತಿಗೆಯ ಮೇಲಿದ್ದವನು. ಬಾಗಿಲು ಹಾಕಲು ಮರೆತ ಎಂದಾದರೆ ಅವನ ಕೆಲಸ ಹೋಗುತ್ತದೆ ಎಂಬುದು ಗೋಪಿನಾಥನಿಗೆ ಹೊಳೆಯದೇ ಇರಲಿಲ್ಲ. ಹೊಳೆಯಿತು, ಒಂದು ಗಳಿಗೆ ಮನಸ್ಸೂ ಕರಗಿತು. ಮುದುಕನಿಗೂ ವಿಶ್ರಾಂತಿ ಬೇಕಲ್ಲ ಎಂದು ಅದಕ್ಕೊಂದು ಸಮಾಧಾನ ಹೇಳಿಕೊಂಡ.

ಬೆಳಿಗ್ಗೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಟಿಕೆಟ್ ಕೌಂಟರಿನ ಮುಂದೆ ಅವನೊಬ್ಬನೇ ಇದ್ದ. ಗೋಡೆಗೆ ಒಂದಷ್ಟು ಬಾಳೆಕಂದು ಒರಗಿಸಿದ್ದರು. ಹಬ್ಬಕ್ಕೆ ಮಾರುವವರು ಎಲ್ಲಿ ಬೇಕಾದರೂ ಅಂಗಡಿ ಇಡುತ್ತಾರೆ ಎಂದುಕೊಂಡು ಅವನು ಟಿಕೆಟ್ಟನ್ನು ಅಂಗಿಯ ಜೇಬಿನಲ್ಲಿ ಭದ್ರವಾಗಿಟ್ಟು ಮೊಪೆಡ್ ಹತ್ತಿದ.

ಮೇಕೆಗಳು ನಿರೀಕ್ಷೆಗೂ ಮೀರಿ ಸಹಕರಿಸಿದವು. ಅಗಸೆಯ ಕೊಂಬೆ ತೋರಿಸಿದ್ದೇ ತಡ, ಹಿಂಬಾಗಿಲಿನಿಂದ ಹಾಲಿಗೆ ನುಗ್ಗಿ ಗಣಿಯ ಗುಡ್ಡವನ್ನು ಮೊದಲು ಮುಗಿಸಿದವು. ಆಮೇಲೆ ಸುರಂಗ. ಒಂದು ಹೋತ ಮೇಜಿನ ಮೇಲೇ ಹತ್ತಿ ರಟ್ಟಿನ ತೊಟ್ಟಿಲನ್ನು ದಾರಸಮೇತ ಅಗಿಯಿತು. ಪಕ್ಕದ ಮೇಜಿನಲ್ಲಿದ್ದ ‘ಸ್ಮಾರ್ಟ್ ಕ್ಯಾಂಪಸ್’ ಅನ್ನು ಒಂದು ಮರಿ ಮೂಸಿ ನೋಡಿ, ಸೀನಿ, ಮುಖ ತಿರುಗಿಸಿತು. ಗೋಪಿನಾಥ್ ಅದನ್ನು ಅವಮಾನ ಎಂದು ಭಾವಿಸಲಿಲ್ಲ. ಉಳಿದ ಅಗಸೆ ಕಡ್ಡಿಗಳನ್ನೆಲ್ಲ ಆಯ್ದು ಚೀಲಕ್ಕೆ ಹಾಕಿಕೊಂಡು, ಬಾಗಿಲನ್ನು ಮೇಕೆಯ ತಲೆ ಹಿಡಿಸುವಷ್ಟು ತೆರೆದಿಟ್ಟು ಹೊರಟ.

ಉರಿಗಾಂ ಸ್ಟೇಷನ್ನಿನ ಹೊರಗೆ, ಕಟ್ಟಡದ ಮರೆಯಲ್ಲಿ ನಿಂತು ರೈಲಿಗೆ ಕಾದ. ರೈಲಿನ ಸದ್ದಿನ ಜೊತೆಗೆ ಎಲ್ಲೋ ತಮಟೆಯೂ ಕೇಳಿಸಿತು. ಕೆ.ಜಿ.ಎಫ್.ನಲ್ಲಿ ಹುಟ್ಟಿದರೂ ತಮಟೆ, ಸತ್ತರೂ ತಮಟೆ. ಜನ ಗೇಟಿನಿಂದ ಹೊರಬಂದಾಗ ತಲೆ ತಗ್ಗಿಸಿ ಅವರ ನಡುವೆ ಸೇರಿಕೊಂಡ. ತಲೆ ತಗ್ಗಿಸುವುದು ಯೋಜನೆಯ ಭಾಗವಾಗಿತ್ತು. ಹಾಗಾಗಿ ಅವನಿಗೆ ಕಂಡದ್ದು ಚಪ್ಪಲಿಗಳು ಮತ್ತು ನೆಲದ ಮೇಲೆ ಉದುರಿದ ಒಂದೆರಡು ಚೆಂಡುಹೂವು. ಸಾಂಬ್ರಾಣಿಯ ವಾಸನೆ ಬಂತು. ನವರಾತ್ರಿಯಲ್ಲಿ ಇನ್ನೇನು ವಾಸನೆ ಬರುತ್ತದೆ?

ಕ್ಯಾಂಪಸ್ಸಿನಲ್ಲಿ ಆಗಲೇ ಗದ್ದಲವೆದ್ದಿತ್ತು. ಹಾಲಿನ ತುಂಬ ಹಿಕ್ಕೆ. ಸುಮಿತಾ ನೆಲದ ಮೇಲೆ ಕೂತಿದ್ದಳು. ಅವಳ ಕೈಯಲ್ಲಿ ಉಳಿದಿದ್ದದ್ದು ಬಿದಿರಿನ ಚಕ್ರ ಮಾತ್ರ. ಅವಳು ಅಳುತ್ತಿರಲಿಲ್ಲ, ಚಕ್ರವನ್ನು ಸುಮ್ಮನೆ ತಿರುಗಿಸುತ್ತಿದ್ದಳು. ಅದನ್ನು ನೋಡುವುದು ಅಳುವನ್ನು ನೋಡುವುದಕ್ಕಿಂತ ಕಷ್ಟವಾಗಿತ್ತು. ರೈಲಿನಿಂದ ಬಂದ ಹುಡುಗ ಹುಡುಗಿಯರು ಅವಳ ಸುತ್ತ ನಿಂತಿದ್ದರು. ಅವರ ಹಣೆಯಲ್ಲಿ ಢಾಳಾಗಿ ಕುಂಕುಮವಿತ್ತು. ಹಬ್ಬ ಬಂದರೆ ಹಣೆಯಿದ್ದವರೆಲ್ಲ ಭಕ್ತರು ಎಂದು ಗೋಪಿನಾಥ್ ಮನಸ್ಸಿನಲ್ಲೇ ಮೂಗು ಮುರಿದು, ಮುಖಕ್ಕೆ ದುಃಖ ತಂದುಕೊಂಡ.

“ನಾನ್ ಚಿಲ್ಕ ಆಕಿದೀನಿ ಮೇಡಂ. ಸತ್ಯಮಾ ಆಕಿದೀನಿ,” ಎನ್ನುತ್ತಿದ್ದ ಆರುಮುಗಂ.

“ಹಾಕಿದ್ರೆ ಮೇಕೆ ಚಿಲಕ ತೆಗೆದು ಬಂತೇನಪ್ಪ?” ಎಂದರು ಆದಿಲಕ್ಷ್ಮಮ್ಮ. “ಏಜೆನ್ಸಿಯವರಿಗೆ ನಾನೇನು ಉತ್ತರ ಹೇಳ್ಲಿ? ನಾಳೆಯಿಂದ ಬೇರೆಯವರನ್ನ ಕಳಿಸಿ ಅಂತ ಹೇಳದೆ ಬೇರೆ ದಾರಿ ಇಲ್ಲ.”

“ಬಿಡಿ ಮೇಡಂ, ಪಾಪ, ವಯಸ್ಸಾಗೈತೆ. ಮರ್ತಿರ್ತಾರೆ,” ಎಂದ ಗೋಪಿನಾಥ್. ತನ್ನ ದೊಡ್ಡ ಮನಸ್ಸು ಅವನಿಗೇ ಮೆಚ್ಚುಗೆಯಾಯಿತು.

ಆ ದನಿ ಕೇಳಿ ಆರುಮುಗಂ ತಿರುಗಿದ. “ಈ ತಂಬಿ ಬ್ಯಾಗ್ ಎತ್ಕೊಂಡ್ ಬತ್ತೀನಿ ಅಂತ ಒಳಗೆ ಓಗಿದ್ದ ಮೇಡಂ. ನಾನ್ ಚಿಲ್ಕ ಆಕಿದ್ಮೇಲೆ.”

ಎಲ್ಲರೂ ಗೋಪಿನಾಥನನ್ನು ನೋಡಿದರು. ಇದಕ್ಕೂ ಅವನು ಸಿದ್ಧನಾಗಿದ್ದ. “ಓಗಿದ್ದೆ ಮೇಡಂ. ಬ್ಯಾಗು ಮುಂದಿನ ಬೆಂಚಲ್ಲೇ ಇತ್ತು, ತಗೊಂಡು ಬಂದೆ. ಮೇಕೆಗಳು ಒಳಗೆ ಬಂದಿದ್ದು ಬೆಳಿಗ್ಗೆ ಅಲ್ವಾ? ನಾನು ಈಗ ತಾನೇ ರೈಲಿಂದ ಇಳ್ದು ಬತ್ತಾ ಇದೀನಿ.” ಜೇಬಿನಿಂದ ಟಿಕೆಟ್ ತೆಗೆದು ಅವರ ಕೈಗಿಟ್ಟ. ಆದಿಲಕ್ಷ್ಮಮ್ಮನವರು ಕ್ಯಾಂಪಸ್ಸಿನ ಬಂಗಲೆಯಲ್ಲೇ ವಾಸವಾಗಿದ್ದವರು, ರೈಲಿನ ಸಮಾಚಾರ ಅವರಿಗೆ ತಿಳಿಯದು. ಟಿಕೆಟ್ ನೋಡಿ ತಲೆಯಾಡಿಸಿದರು. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಕಲಾವಿದನಾದವನು ಚಿತ್ರವನ್ನು ಅರ್ಧಕ್ಕೆ ಬಿಡುವುದಿಲ್ಲ. “ಕೊನೇ ಬೋಗೀಲಿ ಬಂದೆ ಮೇಡಂ,” ಎಂದ. “ಖಾಲಿ ಒಡೀತಿತ್ತು. ಒಂದು ನರಪಿಳ್ಳೆ ಇರ್ಲಿಲ್ಲ. ಕಿಟಕಿ ಪಕ್ಕ ಕೂತು ಆರಾಮಾಗಿ ನೋಟ್ಸ್ ಓದ್ಕೊಂಡು ಬಂದೆ.”

ರೈಲಿನಿಂದ ಬಂದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತನ್ನ ಮಾತು ನಾಟಿತು ಎಂದುಕೊಂಡು ಗೋಪಿನಾಥ್ ತಲೆಯೆತ್ತಿದ. ಬಾಗಿಲಲ್ಲಿ ರಾಮಚಂದ್ರಪ್ಪ ಮೇಷ್ಟ್ರು ನಿಂತಿದ್ದರು. ಕಂಕುಳಲ್ಲಿ ದೊಡ್ಡ ಸ್ಟೀಲ್ ಡಬರಿ, ಹೆಗಲ ಮೇಲೆ ಚೆಂಡುಹೂವಿನ ಎಸಳು. ಅವರು ಗಲಾಟೆ ಮಾಡುವವರಲ್ಲ. ಡಬರಿಯನ್ನು ಮೇಜಿನ ಮೇಲಿಟ್ಟು, ಮುತ್ತುಗದ ಎಲೆಯೊಂದಕ್ಕೆ ಸಿಹಿ ಪೊಂಗಲ್ ಹಾಕಿ ಅವನ ಮುಂದೆ ಹಿಡಿದರು. “ತಗೋಳಪ್ಪ. ಆಯುಧಪೂಜೆ ನಾಳೆ. ಆದ್ರೆ ನಾಳೆ ರಜ ಅಲ್ವಾ, ರೈಲಿನೋರೆಲ್ಲ ಎಲ್ಲಿ ಸಿಗ್ತಾರೆ? ಅದಕ್ಕೇ ವರ್ಸಾ ವರ್ಸಾ ನಾವು ರೈಲಿಗೆ ಹಿಂದಿನ ದಿನಾನೇ ಪೂಜೆ ಮಾಡೋದು. ಈ ಸಲ ಜಾಗ ಇರುತ್ತೆ ಅಂತ ಕೊನೇ ಬೋಗಿಗೇ ಬಾಳೆಕಂದು ಕಟ್ಟಿದ್ವಿ. ಬಂಗಾರಪೇಟೆಯಿಂದ ಇಲ್ಲಿಗಂಟ ತಮಟೆ ಒಡ್ಸಿ, ಇಡೀ ರೈಲಿನ ಜನಾನ ಅದೇ ಬೋಗೀಗೆ ಕರ್ದು, ಒಬ್ಬೊಬ್ರಿಗೂ ನಾನೇ ಕುಂಕುಮ ಇಟ್ಟೆ. ನೀನು ಕಿಟಕಿ ಪಕ್ಕ ಎಲ್ಲಿ ಕೂತಿದ್ದೆ ಮಗಾ?” ಗೋಪಿನಾಥ್ ಸುತ್ತ ನೋಡಿದ. ರೈಲಿನಿಂದ ಬಂದ ಪ್ರತಿಯೊಂದು ಹಣೆಯೂ ಕೆಂಪಗಿತ್ತು. ಸುಮಿತಾ ಚಕ್ರ ತಿರುಗಿಸುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು. ಆರುಮುಗಂ ಅವನ ಹತ್ತಿರಕ್ಕೆ ಬಂದು ನಿಂತಿದ್ದ. ಗೋಪಿನಾಥನ ಕೈ ತಾನಾಗಿಯೇ ಹಣೆಗೆ ಹೋಯಿತು. ಅಲ್ಲಿ ಬೆವರು ಬಿಟ್ಟರೆ ಬೇರೇನೂ ಇರಲಿಲ್ಲ.